ಪಂಪ್‌ಸೆಟ್ ಕೇಬಲ್ ಸುಡದಂತೆ ರಕ್ಷಣೆ

ಹುಬ್ಬಳ್ಳಿ-ಧಾರವಾಡ ಭಾಗದ ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಹೊಲದಲ್ಲಿ ಹೂಳಿದ ಕೇಬಲ್ ಇದರಿಂದ ಜಗ್ಗಿ ಹೊದಿಕೆ ಹರಿಯಬಹುದು. ಇಲಿಗಳ ಕಾಟ ಬೇರೆ. ಒಳಗಿನ ತಂತಿಗಳು ಒಂದಕ್ಕೊಂದು ತಗುಲಿದರೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ.

5 ಅಶ್ವಶಕ್ತಿಯ ಸಾಮಾನ್ಯ ಮೂರು ಫೇಸ್ ಮೋಟಾರು ಎಳೆಯುವುದು ಸುಮಾರು 7.5 ಆಂಪಿಯರ್. ಶಾರ್ಟ್ ಆದಾಗ ಅದು ನೂರಾರು ಆಂಪಿಯರಿಗೆ ಏರಬಹುದು. ಕರೆಂಟು ಎರಡರಷ್ಟಾದರೆ ಶಾಖ ನಾಲ್ಕರಷ್ಟಾಗುತ್ತದೆ. ಪಿ.ವಿ.ಸಿ. ಹೊದಿಕೆಯ 2.5 ಚದರ ಮಿ.ಮೀ. ತಾಮ್ರದ ಕೇಬಲ್ ಸುಮಾರು 285 ಆಂಪಿಯರನ್ನು ಒಂದೇ ಸೆಕೆಂಡು ತಾಳಬಲ್ಲದು. 570 ಆಂಪಿಯರಾದರೆ ಕಾಲು ಸೆಕೆಂಡು.

ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ ಇದೆಯಲ್ಲ ಎಂದು ಹಲವರು ನಿಶ್ಚಿಂತರಾಗಿರುತ್ತಾರೆ. ಅದು ಮೋಟಾರಿನ ರಕ್ಷಣೆಗೆ ಇರುವಂಥದು, ಕೆಲಸವೂ ನಿಧಾನ. ಕೇಬಲನ್ನು ಉಳಿಸುವುದು ಸರಿಯಾದ ಅಳತೆಯ ಫ್ಯೂಸ್ ಅಥವಾ ಎಂ.ಸಿ.ಬಿ. ಅದನ್ನು ಕೇಬಲ್ ಆರಂಭವಾಗುವ ಮೀಟರಿನ ಕಡೆಗೇ ಹಾಕಬೇಕು. ಬಾವಿಯ ಬಳಿ ಹಾಕಿದರೆ ನಡುವಿನ ಕೇಬಲಿಗೆ ರಕ್ಷಣೆ ಸಿಗದು.

ಬೆಳೆ ಬಾಡುತ್ತಿರುವಾಗ ಫ್ಯೂಸ್ ಪದೇ ಪದೇ ಹೋದರೆ ದಪ್ಪ ತಂತಿ ಸುತ್ತಿಬಿಡುವುದು ರೂಢಿ. ಆಗ ಫ್ಯೂಸಿನ ಬದಲು ಕೇಬಲೇ ಸುಡುತ್ತದೆ. ಮೇನ್ ಸ್ವಿಚ್ ಬಂದ್ ಮಾಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರಿಂದ ಮೆಗ್ಗರ್ ಪರೀಕ್ಷೆ ಮಾಡಿಸಿ, ದೋಷ ಸರಿಪಡಿಸಿದ ನಂತರವೇ ಹೊಸ ಫ್ಯೂಸ್ ಹಾಕತಕ್ಕದ್ದು.