ನೀರಿನಲ್ಲಿ ಕರಗುವ ಗಾಜು

ಗಾಜು ನೀರಿನಲ್ಲಿ ಕರಗುತ್ತದೆಂದರೆ ನೀವು ನಂಬಲಿಕ್ಕಿಲ್ಲ. ಆದರೆ ಅಂಥದೊಂದು ಗಾಜು ಉಂಟು. ಬಿಳಿ ಮರಳನ್ನೂ ಸೋಡಾ ಬೂದಿಯನ್ನೂ ಬೆರೆಸಿ, ಕುಲುಮೆಯಲ್ಲಿ 1000 ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಶಾಖದಲ್ಲಿ ಕರಗಿಸಿದರೆ ಅದು ಸಿದ್ಧವಾಗುತ್ತದೆ. ಒತ್ತಡದ ಹಬೆಯಲ್ಲಿ ಅದನ್ನು ನೀರಿಗೆ ಇಳಿಸಿದಾಗ ಬೆಲ್ಲದ ಪಾಕದಷ್ಟು ಮಂದವಾದ ದ್ರವವಾಗುತ್ತದೆ. ಇದೇ ಸೋಡಿಯಂ ಸಿಲಿಕೇಟ್. ವಾಟರ್ ಗ್ಲಾಸ್ ಎಂದೂ ಕರೆಯುತ್ತಾರೆ. ಬಟ್ಟೆ ಒಗೆಯುವ ಎಷ್ಟೋ ಸಾಬೂನುಗಳಲ್ಲಿ, ರಟ್ಟು ಅಂಟಿಸುವ ಗೋಂದಿನಲ್ಲಿ ಇದು ಇರುತ್ತದೆ.

ನೆಲದ ಧೂಳಿಗೆ ತಡೆ

ನಿಮ್ಮ ಕಾಳಿನ ಕೋಣೆಯ ಸಿಮೆಂಟ್ ನೆಲ ಗುಡಿಸಿದಷ್ಟೂ ಧೂಳೇಳುತ್ತಿದೆಯೆ? ಮೊದಲು ಬಿರುಕುಗಳನ್ನು ಮುಚ್ಚಿ, ನೆಲವನ್ನು ತೊಳೆದು ಚೆನ್ನಾಗಿ ಒಣಗಿಸಿ. ಒಂದು ಪಾಲು ದ್ರವಕ್ಕೆ ನಾಲ್ಕು ಪಾಲು ನೀರು ಬೆರೆಸಿ ಕುಂಚದಿಂದ ಬಳಿಯಿರಿ. ಮರುದಿನ ನೀರಿನಿಂದ ತೊಳೆದು, ಒಣಗಿದ ಮೇಲೆ ಮತ್ತೆ ಬಳಿಯಿರಿ. ಹೀಗೆ ಮೂರು ಸಲ ಆಗಬೇಕು. ಸಿಮೆಂಟಿನಲ್ಲಿ ಉಳಿದಿರುವ ಸುಣ್ಣ ಇದರೊಡನೆ ಕೂಡಿ ಗಟ್ಟಿಯಾಗಿ, ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಈ ಕ್ರಮ ಸಿಮೆಂಟ್ ನೆಲಕ್ಕೆ ಮಾತ್ರ, ಮಣ್ಣಿನ ನೆಲಕ್ಕಲ್ಲ.

ಮೊಟ್ಟೆಯ ವಿಷಯ

ಶೀತಕ ಪೆಟ್ಟಿಗೆ ಇಲ್ಲದ ಕಾಲದಲ್ಲಿ ಯೂರೋಪ್, ಅಮೆರಿಕಗಳ ಗೃಹಿಣಿಯರು ಕುದಿಸಿ ಆರಿಸಿದ ನೀರು ಒಂಬತ್ತು ಹತ್ತು ಪಾಲಿಗೆ ಇದನ್ನು ಒಂದು ಪಾಲು ಬೆರೆಸಿ, ಅದರಲ್ಲಿ ಮೊಟ್ಟೆಗಳನ್ನು ತಿಂಗಳುಗಟ್ಟಲೆ ಮುಳುಗಿಸಿಡುತ್ತಿದ್ದರು. ಸಿಪ್ಪೆಯ ರಂಧ್ರಗಳು ಮುಚ್ಚಿಕೊಂಡು ಮೊಟ್ಟೆ ಬೇಗ ಕೆಡುತ್ತಿರಲಿಲ್ಲ. ಆದರೆ ಮೊದಲೇ ಒಳಸೇರಿದ ಸಾಲ್ಮೊನೆಲ್ಲಾ ರೋಗಾಣು ಇದರಿಂದ ಸಾಯುವುದಿಲ್ಲ. ಆದ್ದರಿಂದ ನೀವು ಇದನ್ನು ನಂಬಬೇಡಿ. ಬೇಸಗೆಯಲ್ಲಿ ಮೊಟ್ಟೆ ಕೆಟ್ಟು ನಷ್ಟವಾಗದಿರಲು ಬೇರೆ ದಾರಿಯಿದೆ: ಮರಿ ಮಾಡಿಸುವುದಿಲ್ಲವಾದರೆ ಹುಂಜವನ್ನು ಹೇಂಟೆಗಳಿಂದ ಬೇರೆಯಿಡಿ, ದಿನಕ್ಕೆರಡು ಸಲ ಮೊಟ್ಟೆ ಆರಿಸಿ ತಂಪಿನಲ್ಲಿಡಿ, ಬೇಗ ಮಾರಿ.

ಎಚ್ಚರಿಕೆ

ಇದು ಕ್ಷಾರ, ಚರ್ಮವನ್ನೂ ಕಣ್ಣನ್ನೂ ಸುಡಬಲ್ಲದು. ಕೈಗವಸು, ಕನ್ನಡಕ ಹಾಕಿಕೊಂಡೇ ಕೆಲಸಕ್ಕೆ ತೊಡಗಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹಾಕಬೇಡಿ, ಪಾತ್ರೆಯನ್ನು ತಿನ್ನುತ್ತದೆ. ಪಾನಕದ ಸೀಸೆಯಲ್ಲಂತೂ ಎಂದೂ ತುಂಬಿಡಬೇಡಿ. ನೋಡಲು ಸಕ್ಕರೆ ಪಾಕದಂತಿರುವುದರಿಂದ ಮಕ್ಕಳು ಕುಡಿದಾರು. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಶುದ್ಧ ನೀರು ಹರಿಸಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ. ನೆಲ ನಾಳೆ ಬಳಿದರೂ ಆದೀತು. ಕಣ್ಣು ಹೋದರೆ ಮತ್ತೆ ಬಾರದು.