ಔಷಧಿ ಹೊಡೆಯುವವರೂ ನರಮಂಡಲವೂ

ಅಡಿಕೆ ಬೇಯಿಸುವ ಹಂಡೆಗೆ ಬೆರಳು ತಗುಲಿತೆಂದರೆ ಕೈ ತಾನಾಗಿ ಹಿಂದಕ್ಕೆ ಬರುತ್ತದೆ. ಸುಟ್ಟಿತೆಂಬ ಅರಿವು ನಮಗಾಗುವುದು ಅದಾದ ಮೇಲೆ. ಚರ್ಮದಲ್ಲಿರುವ ನರದ ತುದಿಗಳು ಬಿಸಿಯ ಸುದ್ದಿಯನ್ನು ಬೆನ್ನುಹುರಿಗೆ ಮುಟ್ಟಿಸುತ್ತವೆ. ಅಲ್ಲಿಂದಲೇ ತೋಳಿನ ಸ್ನಾಯುಗಳಿಗೆ ಅಪ್ಪಣೆ ಹೊರಡುತ್ತದೆ, ಮಿದುಳಿನ ಒಪ್ಪಿಗೆಗೆ ಕಾಯುವುದಿಲ್ಲ. ದಪ್ಪ ನರತಂತುಗಳಲ್ಲಿ ಸುದ್ದಿ ಸೆಕೆಂಡಿಗೆ ಸುಮಾರು 100 ಮೀಟರಿನವರೆಗೂ ಓಡುತ್ತದೆ. ಉಳಿದು ಕಾಡುವ ಉರಿಯನ್ನು ಒಯ್ಯುವ ಸಣ್ಣ ತಂತುಗಳಲ್ಲಾದರೋ ಸೆಕೆಂಡಿಗೆ ಸುಮಾರು 1 ಮೀಟರ್ ಮಾತ್ರ. ಮೊದಲು ಚುರುಕ್ ಎನ್ನುವುದು, ಉರಿ ಆಮೇಲೆ ಬರುವುದು ಇದರಿಂದಲೇ.

ಇಷ್ಟು ಚುರುಕಾದ ಏರ್ಪಾಡಿಗೂ ಮಿತಿಯಿದೆ. ಬಿಸಿ, ಚಳಿ, ಒತ್ತಡ, ಮುಳ್ಳು ಇವನ್ನು ಗ್ರಹಿಸುವ ತುದಿಗಳಿವೆ. ಎಲ್ಲವನ್ನೂ ಗ್ರಹಿಸುವ ತುದಿಗಳಿಲ್ಲ. ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದವರಿಗೆ ಇಂಬಳ ಹತ್ತಿದ್ದು ತಿಳಿಯುವುದು ರಕ್ತ ಇಳಿದ ಮೇಲೆಯೇ. ಕೀಟನಾಶಕ ಮೈಮೇಲೆ ಬಿದ್ದಾಗಲೂ ಹೀಗೆಯೇ. ಅಂಗಿ ಒದ್ದೆಯಾಯಿತೆಂದು ಗೊತ್ತಾಗುತ್ತದೆ, ವಿಷ ಒಳಗೆ ಇಳಿಯುತ್ತಿದೆಯೆಂದು ಗೊತ್ತಾಗುವುದಿಲ್ಲ. ಆ ವಿಷ ಕೆಡಿಸುವುದು ಸುದ್ದಿ ತರಬೇಕಾದ ನರಮಂಡಲವನ್ನೇ. ಬಿಳಿ ಕಾಂಡಕೊರಕದ ದುಂಬಿ ಹಾರುವ ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್ ತಿಂಗಳುಗಳಲ್ಲಿ ಅರೇಬಿಕ ತೋಟಗಳಲ್ಲಿ ಔಷಧಿ ಕೆಲಸ ಜೋರಾಗುವುದರಿಂದ ಸದಸ್ಯರ ಗಮನಕ್ಕೆ ಈ ವಿಷಯವನ್ನು ತರುತ್ತಿದ್ದೇವೆ.

ನರವೂ ಸ್ನಾಯುವೂ ಒಂದಕ್ಕೊಂದು ಅಂಟಿಕೊಂಡಿಲ್ಲ, ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದಿಯಿದೆ. ಸುದ್ದಿ ಅದನ್ನು ಹೇಗೆ ದಾಟುತ್ತದೆಂಬುದಕ್ಕೆ ಆಸ್ಟ್ರಿಯಾದ ಓಟೊ ಲೋವಿ ಎಂಬ ವಿಜ್ಞಾನಿ 1921ರಲ್ಲಿ ಎರಡು ಕಪ್ಪೆಗಳ ಹೃದಯವನ್ನಿಟ್ಟುಕೊಂಡು ಉತ್ತರ ಕಂಡುಕೊಂಡರು. ಒಂದು ಹೃದಯದ ನರವನ್ನು ಕೆರಳಿಸಿದಾಗ ಅದರ ಬಡಿತ ನಿಧಾನವಾಯಿತು. ಅದು ಮುಳುಗಿದ್ದ ದ್ರವವನ್ನು ಎರಡನೆಯ ಹೃದಯಕ್ಕೆ ಹಾಕಿದರೆ, ನರದ ಗೊಡವೆಯೇ ಇಲ್ಲದೆ ಅದೂ ನಿಧಾನವಾಯಿತು. ನರದ ತುದಿಯಿಂದ ಏನೋ ಒಂದು ರಾಸಾಯನಿಕ ಹೊರಬರುತ್ತದೆಂದು ಸಿದ್ಧವಾಯಿತು. ಅಸಿಟೈಲ್‌ಕೋಲಿನ್ ಎಂಬುದು ಅದರ ಹೆಸರು. 1936ರಲ್ಲಿ ಲೋವಿಯವರಿಗೂ ಇಂಗ್ಲೆಂಡಿನ ಹೆನ್ರಿ ಡೇಲ್ ಅವರಿಗೂ ನೊಬೆಲ್ ಬಹುಮಾನ ಬಂತು.

ಅಪ್ಪಣೆ ಕೊಟ್ಟ ರಾಸಾಯನಿಕ ಸಂದಿಯಲ್ಲೇ ಉಳಿದರೆ ಸ್ನಾಯು ಸೆಟೆದುಕೊಂಡೇ ಇರಬೇಕಾಗುತ್ತದೆ. ಹಾಗಾಗದಂತೆ ಅದನ್ನು ಒಡೆದು ಗುಡಿಸುವ ಕಿಣ್ವವೊಂದು ಅಲ್ಲೇ ಕಾದಿರುತ್ತದೆ. ಅದರ ಒಂದೊಂದು ಕಣವೂ ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಕಣಗಳನ್ನು ಒಡೆಯುತ್ತದೆ. ಆರ್ಗನೋಫಾಸ್ಫೇಟ್ ಗುಂಪಿನ ಔಷಧಿಗಳು (ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಮೊದಲಾದವು) ಈ ಕಿಣ್ವಕ್ಕೆ ಗಟ್ಟಿಯಾಗಿ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತವೆ. ದುಂಬಿ ಸಾಯುವುದು ಹೀಗೆ. ದುಂಬಿಯ ಕಿಣ್ವಕ್ಕೂ ನಮ್ಮದಕ್ಕೂ ಹೆಚ್ಚು ಅಂತರವಿಲ್ಲ. ಲೋವಿ ಬಹುಮಾನ ಪಡೆದ ಅದೇ 1936ರಲ್ಲಿ ಜರ್ಮನಿಯ ಶ್ರಾಡರ್ ಎಂಬ ರಸಾಯನಶಾಸ್ತ್ರಜ್ಞ ಕೀಟನಾಶಕ ಹುಡುಕುತ್ತ ಟಾಬುನ್ ಎಂಬುದನ್ನು ತಯಾರಿಸಿದರು. ಅದನ್ನು ಸೈನ್ಯದವರು ಯುದ್ಧದ ವಿಷವೆಂದು ತೆಗೆದಿಟ್ಟುಕೊಂಡರು. ನಮ್ಮ ಔಷಧಿಗಳು ಅಷ್ಟು ಉಗ್ರವಲ್ಲ, ಆದರೆ ಅದೇ ಕುಲದವು.

ನಮ್ಮವರ ಉದಾಸೀನಕ್ಕೆ ಬೋರ್ಡೋ ದ್ರಾವಣವೇ ಬಹುಮಟ್ಟಿಗೆ ಕಾರಣವೆಂದು ನಮ್ಮ ಅಭಿಪ್ರಾಯ. ತಲೆಮಾರುಗಳಿಂದ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುತ್ತ ಬಂದಿದ್ದೇವೆ. ಮೈಯೆಲ್ಲ ನೀಲಿಯಾದರೂ ಸಂಜೆ ಬಿಸಿನೀರು ಸುರಿದುಕೊಂಡರೆ ಆಯಿತು. ಅದೂ ಕಣ್ಣಿಗೆ ಹೊಟ್ಟೆಗೆ ಒಳ್ಳೆಯದೇನಲ್ಲ, ಆದರೂ ಅದು ನರಕ್ಕೆ ಬೀಳುವ ವಿಷವಲ್ಲ. ಅದೇ ಕೈ, ಅದೇ ಬರಿ ಮೈ, ಅದೇ ಕೋಲಿನಿಂದ ಕಲಸುವ ಅಭ್ಯಾಸ ಕಾಂಡಕೊರಕದ ಔಷಧಿಗೂ ಮುಂದುವರಿದಿದೆ. ಇದು ಎಣ್ಣೆಯಲ್ಲಿ ಕರಗುವ ಪದಾರ್ಥ, ಚರ್ಮದ ಮೂಲಕವೇ ಒಳಗಿಳಿಯುತ್ತದೆ. ಬಿಸಿಲಲ್ಲಿ ಬೆವರಿದ ಮೈಯಾದರೆ ಇನ್ನೂ ಬೇಗ. ಸಾವಿರಾರು ರೂಪಾಯಿಯ ಪಂಪು ಕೊಳ್ಳುವವರು ರಬ್ಬರ್ ಕೈಗವುಸಿಗೆ ಚೌಕಾಸಿ ಮಾಡುವುದನ್ನು ನಾವು ಮಳಿಗೆಯಲ್ಲಿ ನೋಡುತ್ತಲೇ ಇದ್ದೇವೆ.

ಔಷಧಿ ಹೊಡೆದವರಿಗೆ ತಲೆನೋವು, ಜೊಲ್ಲು, ವಿಪರೀತ ಬೆವರು, ಹೊಟ್ಟೆ ನುಲಿತ, ವಾಂತಿ, ಕಣ್ಣು ಮಂಜು ಇವು ಶುರುವಾದರೆ ಬಿಸಿಲಿನ ಬಾಧೆಯೆಂದು ತಳ್ಳಿಹಾಕಬಾರದು. ಇಲ್ಲೊಂದು ತೊಡಕಿದೆ. ಅಡಿಕೆಯಲ್ಲಿರುವ ಅರೆಕೋಲಿನ್ ಕೂಡ ಅಸಿಟೈಲ್‌ಕೋಲಿನ್ ಕೂರುವ ಕೆಲವು ಜಾಗಗಳಲ್ಲೇ ಕೂರುತ್ತದೆ. ಕವಳ ಹಾಕಿದವರಿಗೆ ಜೊಲ್ಲೂರುವುದು, ಮೈ ಬಿಸಿಯಾಗಿ ಬೆವರುವುದು ಸಾಮಾನ್ಯ. ಹೀಗಾಗಿ ಮೊದಲ ಲಕ್ಷಣಗಳು ಕವಳದ ಲೆಕ್ಕಕ್ಕೆ ಹೋಗಿಬಿಡುತ್ತವೆ. ಸಾಲದ್ದಕ್ಕೆ ಔಷಧಿಯ ಕೈ ಬಾಯಿಗೂ ಹೋಗುತ್ತದೆ. ಕೆಲಸ ಮುಗಿದು ಮೈ ತೊಳೆಯುವವರೆಗೆ ಕವಳ, ಬೀಡಿ ಎರಡೂ ಬೇಡ. ಕಣ್ಣಿನ ಪಾಪೆ ಸಾಸಿವೆಯಷ್ಟು ಕಿರಿದಾಗುವುದು, ಎದೆ ಬಿಗಿದು ಕಫ ಗೊರಗೊರ ಎನ್ನುವುದು, ರೆಪ್ಪೆ ತೋಳು ತಾನಾಗಿ ಅದುರುವುದು ಕಂಡರೆ ಅನುಮಾನಕ್ಕೆ ಎಡೆಯಿಲ್ಲ.

ಆಗ ಮಾಡಬೇಕಾದ್ದು: ಬಟ್ಟೆ ಬಿಚ್ಚಿಸಿ ಸಾಬೂನು ನೀರಿನಲ್ಲಿ ತಲೆಯಿಂದ ಕಾಲವರೆಗೆ ತೊಳೆಯುವುದು, 108ಕ್ಕೆ ಕರೆ ಮಾಡುವುದು ಅಥವಾ ಸಿಕ್ಕ ಜೀಪಿನಲ್ಲಿ ಆಸ್ಪತ್ರೆಗೆ ಒಯ್ಯುವುದು. ತೊಳೆಯುವವರ ಕೈಗೂ ಗವುಸು ಬೇಕು. ಲೇಬಲ್ ಇರುವ ಡಬ್ಬಿ ಜೊತೆಗೆ ಹೋಗಲಿ, ವೈದ್ಯರಿಗೆ ಅದಕ್ಕಿಂತ ಒಳ್ಳೆಯ ಸುಳಿವಿಲ್ಲ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿದೀತು. ಕಡು ಕಾಫಿಯೂ ಇದಕ್ಕೆ ಮದ್ದಲ್ಲ. ಕೆಫೀನ್ ತಡೆಯುವುದು ಮಂಪರು ತರಿಸುವ ಅಡೆನೊಸಿನ್ ಎಂಬ ಬೇರೆಯೇ ರಾಸಾಯನಿಕವನ್ನು. ವೈದ್ಯರು ಕೊಡುವ ಅಟ್ರೊಪಿನ್ ಅಸಿಟೈಲ್‌ಕೋಲಿನ್‌ನ ಜಾಗಕ್ಕೆ ಅಡ್ಡ ನಿಂತು ಕಫ, ಜೊಲ್ಲು, ಹೃದಯದ ತೊಂದರೆಗಳನ್ನು ಇಳಿಸುತ್ತದೆ. ಅದು ಉಮ್ಮತ್ತದ ಗಿಡದಲ್ಲೂ ಇದೆ ಎಂದು ಯಾರಾದರೂ ಹೇಳಿಯಾರು. ನಿಜ, ಆದರೆ ಎಷ್ಟಿದೆಯೆಂದು ಅಳೆಯುವ ಉಪಾಯ ನಮ್ಮ ಅಂಗಳದಲ್ಲಿಲ್ಲ; ಆ ರಸ ಕುಡಿಸಿದರೆ ಎರಡನೆಯ ವಿಷ.

ಚೇತರಿಸಿಕೊಂಡೆನೆಂದು ಮರುದಿನವೇ ಎದ್ದು ಮನೆಗೆ ಬರುವವರಿದ್ದಾರೆ. ತೀವ್ರವಾಗಿ ವಿಷವೇರಿದವರಲ್ಲಿ 1ರಿಂದ 4 ದಿನಗಳ ಬಳಿಕ ಕುತ್ತಿಗೆಯ ಮತ್ತು ಉಸಿರಾಟದ ಸ್ನಾಯುಗಳು ಸೋತುಬಿಡುವುದುಂಟು, ಇದಕ್ಕೆ ಅಟ್ರೊಪಿನ್ ನಾಟುವುದಿಲ್ಲ. ವೈದ್ಯರು ಕಳಿಸುವವರೆಗೆ ಅಲ್ಲೇ ಇರಬೇಕು. ಕೆಟ್ಟ ಕಿಣ್ವದ ಬದಲು ಹೊಸದು ಹುಟ್ಟಿ ತುಂಬಿಕೊಳ್ಳಲು ವಾರಗಳೇ ಹಿಡಿಯುತ್ತವೆ. ಈ ಮಧ್ಯೆ ಮತ್ತೆ ಪಂಪು ಹೊತ್ತರೆ, ಮೊದಲು ತಡೆದುಕೊಂಡಷ್ಟನ್ನು ಮೈ ತಡೆದುಕೊಳ್ಳಲಾರದು. ಇಡೀ ಹಂಗಾಮು ಒಬ್ಬನಿಂದಲೇ ಹೊಡೆಸುವ ಪದ್ಧತಿಯನ್ನು ಬಿಡಬೇಕೆಂದು ನಾವು ಒತ್ತಾಯಿಸುವುದು ಇದಕ್ಕಾಗಿಯೇ.

ಮಳಿಗೆಯಲ್ಲಿ ಕೊಳ್ಳುವಾಗ ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ. ಕೆಂಪು ಅತಿ ತೀವ್ರ ವಿಷ, ಆಮೇಲೆ ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಗಾಳಿಗೆ ಎದುರಾಗಿ ಹೊಡೆಯಬೇಡಿ, ಬಿಸಿಲೇರುವ ಮುನ್ನ ಮುಗಿಸಿ. ಇನ್ನೊಂದು ಮಾತು: ಔಷಧಿ ಹೊಡೆದ ಅಂಗಿ ಲುಂಗಿಗಳು ಮನೆಯ ಬಟ್ಟೆಗಳ ಜೊತೆ ಒಂದೇ ಬಕೆಟ್ಟಿಗೆ ಬೀಳುತ್ತವೆ, ಅವನ್ನು ಬರಿಗೈಯಲ್ಲಿ ತಿಕ್ಕುವವರು ಹೆಂಗಸರು. ತೋಟದ ಕಡೆ ಕಾಲಿಡದವರಿಗೂ ವಿಷ ತಾಗುವುದು ಹೀಗೆ. ಆ ಬಟ್ಟೆಗಳನ್ನು ಬೇರೆಯಾಗಿಡಿ, ಗವುಸು ಹಾಕಿಕೊಂಡು ತೊಳೆಯಲಿ. ಹೊಡೆದವರೇ ತೊಳೆದರೆ ಇನ್ನೂ ಒಳ್ಳೆಯದು.