ಹಿತ್ತಿಲಿನ ಹಕ್ಕಿಗೆ ಬಣ್ಣದ ಉಂಗುರ

ಮೇ ತಿಂಗಳ ಬೆಳಗು. ವಾಷಿಂಗ್ಟನ್ ನಗರಕ್ಕೆ ಅಂಟಿಕೊಂಡ ಮೇರಿಲ್ಯಾಂಡಿನ ಒಂದು ಬಡಾವಣೆ. ಹುಲ್ಲಿನ ಇಬ್ಬನಿ ಇನ್ನೂ ಆರಿಲ್ಲ. ಮನೆಯ ಹಿಂದೆ ಎರಡು ಕಂಬಗಳ ನಡುವೆ ಕೂದಲೆಳೆಯಷ್ಟು ತೆಳುವಾದ ಕಪ್ಪು ಬಲೆ ಕಟ್ಟಿದೆ. ಪೊದೆಯ ನೆರಳಲ್ಲಿ ಅದು ಕಣ್ಣಿಗೇ ಬೀಳದು. ಬುಡದಲ್ಲಿಟ್ಟ ಸ್ಪೀಕರಿನಿಂದ ಕ್ಯಾಟ್‌ಬರ್ಡ್ ಎಂಬ ಹಕ್ಕಿಯ ಹಾಡು. ತನ್ನ ಸರಹದ್ದಿಗೆ ಪರಕೀಯ ನುಗ್ಗಿದನೆಂದು ಕೆರಳಿದ ಬೂದುಬಣ್ಣದ ಗಂಡು ಪೊದೆಯಿಂದ ಹಾರಿ ಬಂದು ಬಲೆಯ ಮಡಿಕೆಗೆ ಬೀಳುತ್ತದೆ.

ಸಂಶೋಧಕಿ ಅದನ್ನು ಬಿಡಿಸಿ, ಬಟ್ಟೆಚೀಲದಲ್ಲಿಟ್ಟು ತೂಗುತ್ತಾಳೆ. ರೆಕ್ಕೆ ಅಳೆಯುತ್ತಾಳೆ. ಒಂದು ಕಾಲಿಗೆ ಸಂಖ್ಯೆಯುಳ್ಳ ಅಲ್ಯೂಮಿನಿಯಂ ಉಂಗುರ. ಜೊತೆಗೆ ಬೇರಾವ ಹಕ್ಕಿಗೂ ಇರದ ಜೋಡಣೆಯ ಬಣ್ಣದ ಉಂಗುರಗಳು. ಆಮೇಲೆ ಹಕ್ಕಿ ಮನೆಯ ಮಗುವಿನ ಅಂಗೈಗೆ ಬರುತ್ತದೆ. ಒಂದು ಕ್ಷಣ ಬೆಚ್ಚಗೆ ಮಿಡಿದು ಹಾರಿಹೋಗುತ್ತದೆ.

ಸ್ಮಿತ್ಸೋನಿಯನ್ ಸಂಸ್ಥೆ 2000ರಲ್ಲಿ ಆರಂಭಿಸಿದ ‘ನೇಬರ್‌ಹುಡ್ ನೆಸ್ಟ್‌ವಾಚ್’ ಎಂಬ ಯೋಜನೆ ನಡೆಯುವ ಬಗೆ ಇದು. ಸಂಶೋಧಕರು ಮನೆಗೆ ಬರುವುದು ವರ್ಷಕ್ಕೊಮ್ಮೆ ಮಾತ್ರ. ಉಳಿದ ದಿನಗಳ ಕಾವಲು ಮನೆಯವರದು. ಫ್ಲಾರಿಡಾ, ಕ್ಯೂಬಾ ಕಡೆ ಚಳಿಗಾಲ ಕಳೆದ ಕ್ಯಾಟ್‌ಬರ್ಡ್ ಮರಳಿ ಅದೇ ಬೇಲಿಗೆ ಬಂದಿತೇ ಎಂದು ಬೈನಾಕ್ಯುಲರಿನಲ್ಲಿ ಕಾಲಿನ ಬಣ್ಣ ಓದಿ ಹೇಳಬಲ್ಲವರು ಅವರೇ. ಹಿತ್ತಿಲು ಖಾಸಗಿ ಜಾಗ. ಮನೆಯವರು ಬಾಗಿಲು ತೆರೆಯದಿದ್ದರೆ ಯಾವ ವಿಜ್ಞಾನಿಯೂ ಅಲ್ಲಿಗೆ ಕಾಲಿಡಲಾರ. ಆದರೆ ನಗರದ ಹಾಡುಹಕ್ಕಿಯ ಬಾಳು ತೀರ್ಮಾನವಾಗುವುದು ಅಲ್ಲಿಯೇ.

ಗೂಡು ನೋಡುವುದಕ್ಕೂ ಒಂದು ಶಿಸ್ತಿದೆ. ವರಾಂಡದ ದೀಪದ ಮೇಲೆ ರಾಬಿನ್ ಕೆಸರು ಮೆತ್ತಿ ಗೂಡು ಕಟ್ಟುತ್ತದೆ. ಕ್ಯಾರೊಲೈನಾ ರೆನ್‌ಗೆ ತೂಗುಕುಂಡವೂ ಸೈ, ಹಳೆಯ ಬೂಟೂ ಸೈ. ಮೂರ್ನಾಲ್ಕು ದಿನಕ್ಕೊಮ್ಮೆ ಕೋಲಿನ ತುದಿಯ ಕನ್ನಡಿ ಎತ್ತಿ ಇಣುಕಬೇಕು, ಮೊಟ್ಟೆ ಎಷ್ಟು, ಮರಿ ಎಷ್ಟು ಎಂದು ಬರೆದುಕೊಂಡು ಕೂಡಲೇ ಸರಿಯಬೇಕು. ಕಾಗೆ ನೋಡುತ್ತಿದ್ದರೆ ಹತ್ತಿರವೂ ಹೋಗಬಾರದು. ಹಾರುವ ದಿನ ಹತ್ತಿರವಾದ ಮರಿಗಳನ್ನು ದೂರದಿಂದಲೇ ನೋಡಬೇಕು, ಬೆದರಿದರೆ ಅವು ಹೊತ್ತಿಗೆ ಮುಂಚೆಯೇ ಗೂಡಿನಿಂದ ಧುಮುಕಿಬಿಡುತ್ತವೆ. ರಾಬಿನ್ ಕಾವು ಕೂರುವುದು 12ರಿಂದ 14 ದಿನ. ಮರಿ ಗೂಡಿನಲ್ಲಿರುವುದು ಸುಮಾರು 13 ದಿನ. ಕೆಲವು ಮನೆಗಳ ಪಟ್ಟಿ ಅಷ್ಟು ದೂರ ಹೋಗುವುದೇ ಇಲ್ಲ. ‘ಗೂಡು ಖಾಲಿ’ ಎಂದು ಬರೆಯುವ ಬೆಳಗು ಯಾರಿಗೂ ಸುಲಭವಲ್ಲ. ಆದರೂ ಬರೆಯಬೇಕು, ಏಕೆಂದರೆ ಸೋತ ಗೂಡೂ ಲೆಕ್ಕವೇ.

ಈ ಹಿತ್ತಿಲುಗಳು ಕಲಿಸಿದ್ದು ಬಹಳ. ವಾಷಿಂಗ್ಟನ್ ಸುತ್ತಲಿನ ಅಂಗಳಗಳಲ್ಲಿ ಕ್ಯಾರೊಲೈನಾ ಚಿಕಡಿ ಹಕ್ಕಿಗಳನ್ನು ಹಿಂಬಾಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಗಿಡಮರಗಳಲ್ಲಿ ಶೇ 70ರಷ್ಟಾದರೂ ಆ ನೆಲದವೇ ಆಗಿದ್ದರೆ ಮಾತ್ರ ಅವುಗಳ ಸಂತತಿ ಕುಗ್ಗದೆ ನಿಲ್ಲುತ್ತದೆ. ಕಾರಣ, ಮರಿಗಳ ಊಟ ಕಂಬಳಿಹುಳು. ಓಕ್ ಮರದಲ್ಲಿ ಅದು ಧಾರಾಳ, ಚೆಂದಕ್ಕೆ ತಂದು ನೆಟ್ಟ ಪರದೇಶದ ಗಿಡಗಳಲ್ಲಿ ಅಪರೂಪ. ಮೇರಿಲ್ಯಾಂಡಿನ ಉಪನಗರಗಳಲ್ಲಿ ಗೂಡು ಬಿಟ್ಟ ಕ್ಯಾಟ್‌ಬರ್ಡ್ ಮರಿಗಳನ್ನು ಕುರಿತ 2011ರ ಅಧ್ಯಯನ, ಸತ್ತ ಮರಿಗಳಲ್ಲಿ ಶೇ 79ರಷ್ಟು ಬೇಟೆಗೆ ಬಲಿಯಾದವೆಂದು ತೋರಿಸಿತು. ಬೇಟೆಗಾರರಲ್ಲಿ ಮುಖ್ಯವಾದದ್ದು ಸಾಕುಬೆಕ್ಕು.

ಆ ಊರುಗಳಲ್ಲಿ ಮನೆ ಮಾಡಿಕೊಂಡ ಕನ್ನಡಿಗರು ಕಡಿಮೆಯಿಲ್ಲ. ಅವರಲ್ಲಿ ನನ್ನದೊಂದು ಕೋರಿಕೆ: ಮೇಯಿಂದ ಜುಲೈವರೆಗಾದರೂ ಬೆಕ್ಕನ್ನು ಒಳಗೇ ಇಟ್ಟುಕೊಳ್ಳಿ, ಜಾಗವಿದ್ದರೆ ಒಂದು ಓಕ್ ನೆಡಿ, ಬೇಲಿಯ ಮೇಲಿನ ಹಕ್ಕಿಯ ಕಾಲಿನಲ್ಲಿ ಬಣ್ಣ ಕಂಡರೆ ಯಾವ ಕಾಲಿಗೆ ಯಾವ ಬಣ್ಣ ಎಂದು ಬರೆದು ಸಂಶೋಧಕರಿಗೆ ತಿಳಿಸಿ.